ವಿಷಯ: ಸಿಯುಇಟಿ ಇಂಗ್ಲಿಷ್ ಅಭ್ಯಾಸ ಪ್ಯಾಕೇಜಿನಲ್ಲಿರುವ ತಪ್ಪು ಕೀ ಉತ್ತರಗಳು ಮತ್ತು ಹಳೆಯ ಪರೀಕ್ಷಾ ಮಾದರಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಸಿಯುಇಟಿ ಪದವಿ ಪ್ರವೇಶ ಪರೀಕ್ಷೆಯ ಇಂಗ್ಲಿಷ್‌ಗೆ, ಅಂದರೆ 101ನೇ ಸಂಕೇತದ ವಿಷಯಕ್ಕೆ, ‘ಹೊಸ ಮಾದರಿ’ಯ ಪ್ಯಾಕೇಜು ಎಂದು ಜಾಹೀರಾತು ಕೊಟ್ಟು ಮಾರುತ್ತಿದ್ದೀರಿ. ಒಳಗಿರುವ ಅಣಕು ಪರೀಕ್ಷೆಗಳು ಮಾತ್ರ ಹಳೆಯವು: 50ರಲ್ಲಿ 40 ಪ್ರಶ್ನೆ, 45 ನಿಮಿಷ. 2025ರಿಂದ 50 ಪ್ರಶ್ನೆಗಳೂ ಕಡ್ಡಾಯ, ಸಮಯ 60 ನಿಮಿಷ, ಒಟ್ಟು 250 ಅಂಕ. ಸರಿಯುತ್ತರಕ್ಕೆ 5, ತಪ್ಪಿಗೆ 1 ಅಂಕ ಕಡಿತ. ನಿಮ್ಮ ಆ್ಯಪ್ ಆ ಕಡಿತವನ್ನೂ ಮಾಡುವುದಿಲ್ಲ. 30 ಸರಿ, 10 ತಪ್ಪಾದರೆ 140 ಬರಬೇಕಾದ ಕಡೆ 150 ತೋರಿಸುತ್ತದೆ.

ಇದನ್ನು ಬೇಗ ಸರಿಪಡಿಸಬಹುದು. ಕೀ ಉತ್ತರದ ತಪ್ಪು ಹಾಗಲ್ಲ, ಅದು ಕಲಿಯುವವರ ತಲೆಯಲ್ಲಿ ಕೂತುಬಿಡುತ್ತದೆ. ‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್’ ಆದಮೇಲೆ ‘ವಾಸ್’ ಕೊಟ್ಟಿದ್ದೀರಿ. ಕ್ರಿಯಾಪದ ಹತ್ತಿರದ ಕರ್ತೃವನ್ನು ಅನುಸರಿಸುವುದರಿಂದ ಅಲ್ಲಿ ‘ವರ್’ ಬರಬೇಕು. ‘ದ ನಂಬರ್ ಆಫ್’ ಏಕವಚನ, ‘ಎ ನಂಬರ್ ಆಫ್’ ಬಹುವಚನ. ನಿಮ್ಮ ಕೀ ಎರಡಕ್ಕೂ ‘ಹ್ಯಾಸ್’ ಎನ್ನುತ್ತದೆ. ‘ನೋ ಸೂನರ್’ಗೆ ಜೋಡಿ ‘ದ್ಯಾನ್’. ನೀವು ಕೊಟ್ಟಿರುವ ‘ವೆನ್’ ಬರುವುದು ‘ಹಾರ್ಡ್ಲಿ’ ಜೊತೆಗೆ.

ಎಲ್ಲಕ್ಕಿಂತ ನೋವಾಗಿದ್ದು ‘ಸಿನ್ಸ್’, ‘ಫಾರ್’ ಬಗೆಗಿನ ಕನ್ನಡ ವಿವರಣೆ. ‘ಇಂದ’ ಬಂದಲ್ಲೆಲ್ಲ ‘ಸಿನ್ಸ್’ ಹಾಕಿ ಎಂದಿದ್ದೀರಿ. ಕನ್ನಡದಲ್ಲಿ ‘2023ರಿಂದ’ ಎನ್ನುವುದಕ್ಕೂ ‘ಎರಡು ವರ್ಷದಿಂದ’ ಎನ್ನುವುದಕ್ಕೂ ಒಂದೇ ಪ್ರತ್ಯಯ. ನಮ್ಮ ಮಕ್ಕಳು ‘ಸಿನ್ಸ್ ಟೂ ಇಯರ್ಸ್’ ಎಂದು ಬರೆಯುವುದಕ್ಕೆ ಇದೇ ಕಾರಣ. ಶುರುವಾದ ಹೊತ್ತನ್ನು ಹೇಳಿದರೆ ‘ಸಿನ್ಸ್’, ಕಳೆದ ಅವಧಿಯನ್ನು ಹೇಳಿದರೆ ‘ಫಾರ್’. ಕನ್ನಡ ಮಾಧ್ಯಮದವರಿಗೆಂದೇ ಮಾಡಿದ್ದೇವೆ ಎನ್ನುವ ಪ್ಯಾಕೇಜು, ಅವರು ಎಡವುವ ಜಾಗದಲ್ಲೇ ಕೈಬಿಟ್ಟಿದೆ.

ಪಠ್ಯಕ್ರಮದಲ್ಲಿರುವುದು 300–350 ಪದಗಳವರೆಗಿನ ಗದ್ಯಭಾಗಗಳು. ಮಾಹಿತಿ, ನಿರೂಪಣೆ, ಸಾಹಿತ್ಯ ಎಂಬ ಮೂರು ಬಗೆ. ನಿಮ್ಮಲ್ಲಿ 120 ಪದ ದಾಟಿದ್ದು ಒಂದೂ ಇಲ್ಲ, ಎಲ್ಲವೂ ಮಾಹಿತಿಯ ಬಗೆಯವೇ. ಇಷ್ಟು ಚಿಕ್ಕದನ್ನೇ ಓದಿ ಅಭ್ಯಾಸವಾದವರು ಪರೀಕ್ಷೆಯಲ್ಲಿ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಮೊದಲನೆಯದನ್ನು ಮರೆತಿರುತ್ತಾರೆ. ‘ಎ ನಾವೆಲ್ ಐಡಿಯಾ’ ಎಂಬಲ್ಲಿ ‘ನಾವೆಲ್’ಗೆ ‘ಬುಕ್’ ಎಂದು ಕೀ ಕೊಟ್ಟಿರುವುದಂತೂ ಸಂದರ್ಭ ನೋಡದೆ ಅರ್ಥ ಹೇಳುವುದನ್ನೇ ಕಲಿಸುತ್ತದೆ. ಅಲ್ಲಿ ಅದರ ಅರ್ಥ ‘ಹೊಸದು’. ವಾಕ್ಯಗಳನ್ನು ಕ್ರಮವಾಗಿ ಜೋಡಿಸುವ ಪ್ರಶ್ನೆಗಳಿಗೆ ಬರೀ ಆಯ್ಕೆಯ ಅಕ್ಷರವಿದೆ. ‘ಎ’ ಎಂಬ ಆರ್ಟಿಕಲ್ ಜೊತೆ ಮೊದಲು ಬಂದ ನಾಮಪದ ಮುಂದೆ ‘ದ’ ಜೊತೆ ಬರುತ್ತದೆ, ‘ಹಿ’, ‘ದಿಸ್’ ಹಿಂದಿನ ವಾಕ್ಯವನ್ನು ಬೇಡುತ್ತವೆ ಎಂದು ತೋರಿಸದಿದ್ದರೆ ಅದು ಅಭ್ಯಾಸವೇ ಅಲ್ಲ.

15 ದಿನಗಳೊಳಗೆ ಕೀ ಉತ್ತರಗಳನ್ನು ತಿದ್ದಿ, ಈಗಾಗಲೇ ಆ ಪರೀಕ್ಷೆಗಳನ್ನು ಬರೆದ ಪ್ರತಿಯೊಬ್ಬರಿಗೂ ಯಾವ ಪ್ರಶ್ನೆಯಲ್ಲಿ ತಪ್ಪಿತ್ತೆಂದು ಸಂದೇಶ ಕಳುಹಿಸಿ. ಕೇಳಿದವರಿಗೆ ಪೂರ್ತಿ ಹಣ ಹಿಂದಿರುಗಿಸಿ. ತಪ್ಪಿದರೆ, ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ. ತಪ್ಪಿರುವ ಪ್ರಶ್ನೆಗಳ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇವೆ.

ಇತಿ,
ಪಿಯು ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕರು