ಪರಿಹಾರ ಸಿಕ್ಕಿದ್ದು ಒಡೆಯರಿಗೆ

ಮಾನ್ಯರೇ,

ಬ್ರಿಟನ್ 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ್ದನ್ನು ನಮ್ಮ ತರಗತಿಗಳಲ್ಲಿ ಈಗಲೂ ಅದರ ಔದಾರ್ಯದ ಕಥೆಯಾಗಿ ಹೇಳಲಾಗುತ್ತದೆ. ಇಪ್ಪತ್ತೈದು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಆ ಔದಾರ್ಯದ ಜಮಾಖರ್ಚನ್ನೂ ಹೇಳಬೇಕೆನಿಸಿದೆ.

ಆ ಕಾಯ್ದೆಯಡಿ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಅಂದಿನ ವಾರ್ಷಿಕ ವೆಚ್ಚದ ಸುಮಾರು ಶೇ 40ರಷ್ಟು ಹಣವದು. ಅಷ್ಟೂ ಒಡೆಯರ ಪಾಲಾಯಿತು. ಚಾಟಿಯೇಟು ತಿಂದ ಸುಮಾರು 8 ಲಕ್ಷ ಜನರಿಗೆ ಬಿಡಿಗಾಸೂ ಇಲ್ಲ. ಅವರು 'ಅಪ್ರೆಂಟಿಸ್' ಎಂಬ ಹೊಸ ಹೆಸರು ಹೊತ್ತು, ಹಳೆಯ ಒಡೆಯನ ತೋಟದಲ್ಲೇ 1838ರವರೆಗೆ ಬಿಟ್ಟಿ ದುಡಿದರು. ಪರಿಹಾರಕ್ಕೆಂದು ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಜಮೈಕಾದಿಂದ ಲಂಡನ್ನಿಗೆ ಬಂದು ನೆಲೆಸಿದ ಗುಲಾಮರ ವಂಶಜರೂ ಅದಕ್ಕೆ ತೆರಿಗೆ ಕಟ್ಟಿದರು! ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅದೇ ಕಾಯ್ದೆಯ 64ನೇ ಕಲಂ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಆಗ ಕಂಪನಿಯ ಕೈಯಲ್ಲಿದ್ದ ನಮ್ಮ ಕರಾವಳಿಯೂ ಹೊರಗುಳಿಯಿತು. ಭಾರತಕ್ಕೆ ಕಾಯ್ದೆ ಬಂದದ್ದು 1843ರಲ್ಲಿ. ಅದೂ ಗುಲಾಮರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮನ್ನಿಸಬಾರದು ಎಂದಿತೇ ಹೊರತು, ಗುಲಾಮರನ್ನು ಇಟ್ಟುಕೊಂಡವನನ್ನು ಅಪರಾಧಿ ಎನ್ನಲಿಲ್ಲ.

ಇತ್ತ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಬಿಡುಗಡೆಯ ದಿನವಾದ 1834ರ ಆಗಸ್ಟ್ 1 ಕಳೆದು ಮೂರು ತಿಂಗಳಾಗುತ್ತಲೇ, ನವೆಂಬರ್ 2ರಂದು, 'ಅಟ್ಲಾಸ್' ಹಡಗು 36 ಭಾರತೀಯ ಕೂಲಿಗಳನ್ನು ಮಾರಿಷಸ್‌ನಲ್ಲಿ ಇಳಿಸಿತು. ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್ ಅವರ ತಂದೆ ಜಾನ್ ಗ್ಲಾಡ್‌ಸ್ಟನ್ ಎರಡೂವರೆ ಸಾವಿರ ಗುಲಾಮರ ಲೆಕ್ಕದಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಪಡೆದರು. 1838ರಲ್ಲಿ ಬ್ರಿಟಿಷ್ ಗಯಾನಾದ ತೋಟಗಳಿಗೆ ಭಾರತದಿಂದ ಕೂಲಿಗಳನ್ನು ತರಿಸಿದವರೂ ಅವರೇ. ಕರಾರಿಗೆ ಹೆಬ್ಬೆಟ್ಟು ಒತ್ತಿ ಹೀಗೆ ಕಡಲು ದಾಟಿದ ನಮ್ಮವರು ಹತ್ತು ಲಕ್ಷಕ್ಕೂ ಹೆಚ್ಚು. ಆಫ್ರಿಕಾದಲ್ಲೋ, ಗುಲಾಮ ವ್ಯಾಪಾರ ತಡೆಯುವ ಹೆಸರಿನಲ್ಲೇ ಬ್ರಿಟಿಷರು 1861ರಲ್ಲಿ ಇಂದಿನ ನೈಜೀರಿಯಾದ ಲಾಗೋಸನ್ನು ವಶಪಡಿಸಿಕೊಂಡರು.

ಗುಲಾಮಗಿರಿಯ ವಿರುದ್ಧ ಲಂಡನ್ನಿನಲ್ಲಿ ಹೋರಾಡಿದ ಸಂಸದ ವಿಲ್ಬರ್‌ಫೋರ್ಸ್ ಅವರ ಬಗ್ಗೆ ನನಗೆ ಗೌರವವಿದೆ. ಆದರೆ 1831ರ ಕ್ರಿಸ್‌ಮಸ್ ವೇಳೆ ಜಮೈಕಾದ ಗುಲಾಮರನ್ನು ಬಂಡಾಯಕ್ಕೆ ಎಬ್ಬಿಸಿ, ಮರುವರ್ಷ ನೇಣಿಗೇರಿದ ಸ್ಯಾಮ್ ಶಾರ್ಪ್ ಎಂಬ ಗುಲಾಮನ ಹೆಸರನ್ನು ನಮ್ಮ ಎಷ್ಟು ವಿದ್ಯಾರ್ಥಿಗಳು ಕೇಳಿದ್ದಾರೆ? ಪಠ್ಯಪುಸ್ತಕ ರಚಿಸುವವರು 1833ರ ಕಾಯ್ದೆಯ ಪಕ್ಕದಲ್ಲೇ ಅವನಿಗೂ, ಅಟ್ಲಾಸ್ ಹಡಗಿನ ಆ 36 ಮಂದಿಗೂ ನಾಲ್ಕು ಸಾಲಿನ ಜಾಗ ಕೊಡಬೇಕೆಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಉಪನ್ಯಾಸಕ, ಉಡುಪಿ