ಒಳಗೆ ಕೂತ ತೆರಿಗೆಯನ್ನು ಹೊರಗೆ ತೆಗೆಯಿರಿ: ಕೇಂದ್ರ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರೇ,

2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆ ಶೇ 22ಕ್ಕೆ ಇಳಿಯಿತು. ಸರ್ಚಾರ್ಜ್, ಸೆಸ್ ಸೇರಿ ಶೇ 25.17. ದೊಡ್ಡ ಉದ್ಯಮಗಳ ಹೊರೆಯ ಮಾತೆತ್ತಿದಾಗಲೆಲ್ಲ ಈ ಅಂಕಿಯನ್ನೇ ಮುಂದಿಡುತ್ತೀರಿ. ಅದು ಲಾಭದ ಮೇಲಿನ ತೆರಿಗೆ ಮಾತ್ರ. ನಷ್ಟವಾದ ವರ್ಷವೂ ಬಿಡದೆ ಕಟ್ಟುವ ತೆರಿಗೆ ವೆಚ್ಚದೊಳಗೆ ಕೂತಿದೆ.

ಡೀಸೆಲ್‌ಗೆ ಕೇಂದ್ರದ ಅಬಕಾರಿ ಸುಂಕ, ರಾಜ್ಯದ ವ್ಯಾಟ್. ನೈಸರ್ಗಿಕ ಅನಿಲಕ್ಕೂ ವ್ಯಾಟ್. ಕರೆಂಟ್ ಬಿಲ್ಲಿಗೆ ರಾಜ್ಯದ ವಿದ್ಯುತ್ ತೆರಿಗೆ. ಸರಕು ಮಾರಿ ಜಿಎಸ್‌ಟಿ ಕಟ್ಟುವಾಗ ಇದರಲ್ಲಿ ಒಂದು ಪೈಸೆಯೂ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕಡಿತ, ಆಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕಲ್ಲಿದ್ದಲಿನ ಟನ್ನಿಗೆ 400 ರೂಪಾಯಿ ಸೆಸ್ ತೆಗೆದಿರಿ, ಒಳ್ಳೆಯದು. ಆದರೆ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ವಿದ್ಯುತ್ತಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಉಷ್ಣ ಸ್ಥಾವರಕ್ಕೆ ಆ ಕ್ರೆಡಿಟ್ ಸಿಗದು. ಅದು ಯೂನಿಟ್ ದರಕ್ಕೆ ಸೇರುತ್ತದೆ, ಅದರ ಮೇಲೆ ಮತ್ತೆ ವಿದ್ಯುತ್ ತೆರಿಗೆ ಬೀಳುತ್ತದೆ. ತೆರಿಗೆಯ ಮೇಲೆ ತೆರಿಗೆ ಬೇಡವೆಂದೇ ಅಲ್ಲವೇ 2017ರಲ್ಲಿ ಜಿಎಸ್‌ಟಿ ತಂದದ್ದು?

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ತೆರಿಗೆಗಳಿಗೆ ಮೊದಲು 100 ರೂಪಾಯಿ ವಹಿವಾಟಿನಲ್ಲಿ 10 ರೂಪಾಯಿ ಉಳಿತಾಯ. ಕ್ರೆಡಿಟ್ ಸಿಗದ ತೆರಿಗೆ 2 ರೂಪಾಯಿ ಹೋದರೆ ಲಾಭ 8. ಅದರ ಮೇಲೆ ಶೇ 25.17, ಅಂದರೆ ಇನ್ನೂ 2.01. ಒಟ್ಟು ಹೊರೆ 10ರಲ್ಲಿ 4.01, ಅಂದರೆ ಸುಮಾರು ಶೇ 40. ರಫ್ತುದಾರರಿಗೆ 2021ರಿಂದ ರೋಡ್‌ಟೆಪ್ ಎಂಬ ತೆರಿಗೆ ಮರುಪಾವತಿ ಯೋಜನೆಯ ಮೂಲಕ ಇದರಲ್ಲಿ ಒಂದಿಷ್ಟು ಮರಳುತ್ತದೆ. ದೇಶದೊಳಗೇ ಮಾರುವವನಿಗೆ ಅದೂ ಇಲ್ಲ. ಅವನ ಪಕ್ಕದಲ್ಲಿ ಮಾರಾಟವಾಗುವ ಆಮದು ಸರಕಿಗೆ ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಇದೆ, ನಮ್ಮ ಡೀಸೆಲ್ ವ್ಯಾಟ್ ಇಲ್ಲ. ನಮ್ಮ ಕಾರ್ಖಾನೆ ಸೋಲುವುದು ಇಲ್ಲಿ.

ನಮಗೆ ಮರಳಬೇಕಾದ ಜಿಎಸ್‌ಟಿಯ ರೀಫಂಡ್ ಕಥೆಯಂತೂ ಹೇಳತೀರದು. ಕಾನೂನಿನ ಗಡುವು 60 ದಿನ. ರೀಫಂಡ್ ಅರ್ಜಿ ಆರ್‌ಎಫ್‌ಡಿ-01 ಹಾಕಿದ ಮೇಲೆ ಅಧಿಕಾರಿ ಆರ್‌ಎಫ್‌ಡಿ-03 ಎಂಬ ಕೊರತೆ ಪತ್ರದಲ್ಲಿ ಒಂದು ಕೊರತೆ ತೋರಿಸಿದರೆ ಸಾಕು, ಹೊಸ ಅರ್ಜಿ ಹಾಕಬೇಕು, ದಿನಗಳ ಎಣಿಕೆ ಮತ್ತೆ ಒಂದರಿಂದ. ನಾವು ತಡಮಾಡಿದರೆ ಬಡ್ಡಿ ಶೇ 18, ನೀವು ತಡಮಾಡಿದರೆ ಶೇ 6. ಇದನ್ನು ನ್ಯಾಯವೆಂದು ಯಾವ ಬಾಯಲ್ಲಿ ಹೇಳುವುದು, ಸಚಿವರೇ? ಎರಡೂ ಕಡೆಗೆ ಒಂದೇ ಬಡ್ಡಿ ಮಾಡಿ.

ವಿದ್ಯುತ್ತನ್ನು ಜಿಎಸ್‌ಟಿಯೊಳಗೆ ತರಲು ರಾಜ್ಯಗಳು ಒಪ್ಪಬೇಕು, ಸಮಯ ಹಿಡಿಯುತ್ತದೆ. ಡೀಸೆಲ್‌ನಲ್ಲಿ ಅವುಗಳ ಆದಾಯ ದೊಡ್ಡದು, ಅದೂ ಗೊತ್ತು. ಹಾಗಾದರೆ ನೈಸರ್ಗಿಕ ಅನಿಲವನ್ನು ಜಿಎಸ್‌ಟಿಯೊಳಗೆ ತರುವುದರಿಂದಲೇ ಶುರು ಮಾಡಿ. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. 279ಎ(5)ನೇ ವಿಧಿಯ ಪ್ರಕಾರ ಜಿಎಸ್‌ಟಿ ಮಂಡಳಿ ದಿನಾಂಕ ಶಿಫಾರಸು ಮಾಡಬೇಕು, ಅಷ್ಟೇ. ಮಂಡಳಿಯ ಅಧ್ಯಕ್ಷತೆ ನಿಮ್ಮದು. 2017ರಿಂದ ಕಾಯುತ್ತಿದ್ದೇವೆ. ಮುಂದಿನ ಸಭೆಯ ಕಾರ್ಯಸೂಚಿಗೆ ಅನಿಲವನ್ನು ಸೇರಿಸಿ, ದಿನಾಂಕ ಹೇಳಿ.

ಇಂತಿ,
ತೆರಿಗೆ ಲೆಕ್ಕ ನೋಡುವ ಒಬ್ಬ ನಾಗರಿಕ