ಸೆಪ್ಟೆಂಬರ್‌ಗೆ ಒಂದು ಷೆಡ್ಯೂಲ್ ಹಾಕಿಕೊಡಿ, ಅಪ್ಪ

ಕಾರ್ಲ್ಸ್‌ರೂಹೆ, ಜರ್ಮನಿ
15 ಜೂನ್ 2025, ಭಾನುವಾರ

ತೀರ್ಥರೂಪ ಅಪ್ಪನವರಿಗೆ,

ನಿಮ್ಮ ಮಗಳ ನಮಸ್ಕಾರಗಳು. ಉಭಯ ಕುಶಲೋಪರಿ. ಈ ಪತ್ರವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. ಅವಳ ಕೈಗೆ ಕೊಟ್ಟರೆ ಕನ್ನಡಕ ಸಿಗುವಷ್ಟರಲ್ಲಿ ಕುಕ್ಕರ್ ಕೂಗಿರುತ್ತದೆ, ಅರ್ಧಕ್ಕೇ ಎದ್ದು ಹೋಗುತ್ತಾಳೆ.

ಗುರುವಾರ ನಾವು ಥೀಮ್ ಪಾರ್ಕ್ ಸುತ್ತಿ ಬಂದ ರಾತ್ರಿ ಫೋನಿನಲ್ಲಿ ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ. "ತಲೆಗೆ 60 ಯೂರೋ ಕೊಟ್ಟು, ಮೂರು ನಿಮಿಷ ಕಿರುಚುವುದಕ್ಕೆ ಒಂದು ಗಂಟೆ ನಿಲ್ಲುತ್ತೀರಾ? ಹಾಸನಾಂಬೆಯ ಸಾಲಿನಲ್ಲಿ ನಿಂತರೆ ಪುಣ್ಯವಾದರೂ ಬರುತ್ತದೆ" ಎಂದಿರಿ. ಕಾಲು ನೋವಿನಲ್ಲಿ ಆಗ ಉತ್ತರ ಹೊಳೆಯಲಿಲ್ಲ, ಈಗ ಬರೆಯುತ್ತಿದ್ದೇನೆ. ನಾವು ಗಂಟೆಗಟ್ಟಲೆ ನಿಲ್ಲಲಿಲ್ಲ ಅಪ್ಪ. ಒಂದು ಕಡೆ ಬಿಟ್ಟರೆ ಎಲ್ಲೂ ಅರ್ಧ ಗಂಟೆ ದಾಟಲಿಲ್ಲ. ಅದೂ ಪೆಂಟಕೋಸ್ಟ್ ಎಂಬ ಕ್ರೈಸ್ತ ಹಬ್ಬದ ರಜೆಯ ವಾರದಲ್ಲಿ, ಈ ರಾಜ್ಯದ ಶಾಲೆಗಳಿಗೆಲ್ಲ ಬೀಗ ಬಿದ್ದಿರುವಾಗ! ಆ ಶ್ರೇಯಸ್ಸು ಹಾಸನದ ಬಸ್ ನಿಲ್ದಾಣದಲ್ಲಿ ನೀವು ಕೂರುತ್ತಿದ್ದ ಸಂಚಾರ ನಿಯಂತ್ರಕರ ಕೊಠಡಿಗೆ ಸಲ್ಲಬೇಕು. ಶಾಲೆ ಬಿಟ್ಟ ಮೇಲೆ ನಿಮ್ಮ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಹೋಂವರ್ಕ್ ಮಾಡುತ್ತಾ ಕೇಳಿಸಿಕೊಂಡದ್ದೆಲ್ಲ ಮೊನ್ನೆ ಉಪಯೋಗಕ್ಕೆ ಬಂತು.

ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ಹೆಸರು ಯುರೋಪಾ ಪಾರ್ಕ್, ಇರುವುದು ರುಸ್ಟ್ ಎಂಬ ಹಳ್ಳಿಯಲ್ಲಿ, ರೈನ್ ನದಿಯ ಹತ್ತಿರ. ನದಿ ದಾಟಿದರೆ ಫ್ರಾನ್ಸ್. ಈ ಜುಲೈ 12ಕ್ಕೆ ಅದು ತೆರೆದು 50 ವರ್ಷ ತುಂಬುತ್ತದೆ. ವಾಲ್ಡ್‌ಕಿರ್ಶ್ ಎಂಬ ಊರಿನ ಮಾಕ್ ಕುಟುಂಬದವರು 1780ರಿಂದಲೂ ಗಾಡಿ ಕಟ್ಟುವ ಕಸುಬಿನವರು. ಆಮೇಲೆ ಜಾತ್ರೆಯ ತೊಟ್ಟಿಲು, ಹಳಿಯ ಮೇಲೆ ಏರಿಳಿದು ಓಡುವ ರೋಲರ್ ಕೋಸ್ಟರ್‌ಗಳನ್ನು ಮಾಡಲು ಹಿಡಿದರು. ಕೊಳ್ಳುವವರಿಗೆ ತಮ್ಮ ಸರಕನ್ನು ಓಡಿಸಿ ತೋರಿಸುವುದಕ್ಕೆಂದು 1975ರಲ್ಲಿ ಈ ಉದ್ಯಾನವನ್ನು ತೆರೆದರು. ಬಸ್ಸಿನ ಬಾಡಿ ಕಟ್ಟುವವರು ತಮ್ಮ ಬಸ್ಸುಗಳನ್ನು ತೋರಿಸಲು ಒಂದು ರಸ್ತೆಯನ್ನೇ ಹಾಕಿಸಿಕೊಂಡಂತೆ ಅಂದುಕೊಳ್ಳಿ. ಈಗ ಅದು ಜರ್ಮನಿಯ ಅತಿ ದೊಡ್ಡ ಥೀಮ್ ಪಾರ್ಕ್. 95 ಹೆಕ್ಟೇರ್ ಜಾಗ, ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಜನ. ಒಳಗೆ ಯುರೋಪಿನ ಒಂದೊಂದು ದೇಶದ ಹೆಸರಿನಲ್ಲಿ ಒಂದೊಂದು ಕೇರಿ: ಇಟಲಿ, ಗ್ರೀಸ್, ಸ್ವಿಟ್ಜರ್ಲೆಂಡ್, ಐಸ್‌ಲ್ಯಾಂಡ್.

ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆವು. ಆಫನ್‌ಬುರ್ಗ್‌ನಲ್ಲಿ ರೈಲು ಬದಲಿಸಿ, ರಿಂಗ್ಸ್‌ಹೈಮ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸು. ಬಾಗಿಲು ತೆರೆಯುವುದು ಒಂಬತ್ತಕ್ಕೆ, ನಾವು ಎಂಟೂವರೆಗೇ ಹಾಜರ್. "ಇಷ್ಟು ಬೇಗ ಬಂದು ಏನು ಮಾಡುವುದು" ಎಂದು ನಿಮ್ಮ ಅಳಿಯ ಗೊಣಗಿದರು. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ನಸುಕಿನ ನಾಲ್ಕಕ್ಕೆ ಅಮ್ಮನನ್ನೂ ನನ್ನನ್ನೂ ಎಬ್ಬಿಸಿ ಕಳಿಸುತ್ತಿದ್ದವರ ಮಗಳು ನಾನು ಎಂದೆ. ಅವರು ಸುಮ್ಮನೆ ಕಾಫಿ ಹುಡುಕಿಕೊಂಡು ಹೋದರು.

ಒಂಬತ್ತಕ್ಕೆ ಹಗ್ಗ ಸರಿಸಿದ ಕ್ಷಣ ನೀವು ಅಲ್ಲಿರಬೇಕಿತ್ತು. ಬಾಗಿಲ ಹತ್ತಿರವೇ ಫ್ರಾನ್ಸ್ ಕೇರಿಯಲ್ಲಿ ಸಿಲ್ವರ್ ಸ್ಟಾರ್ ಇದೆ. 73 ಮೀಟರ್ ಎತ್ತರದ ರೋಲರ್ ಕೋಸ್ಟರ್. ಅದರ ಹಳಿಗಳು ಕಾರು ನಿಲ್ಲಿಸುವ ಬಯಲಿನ ಮೇಲೇ ಹಾದುಹೋಗುವುದರಿಂದ ಜನ ಒಳಗೆ ಬರುವ ಮೊದಲೇ ಅದನ್ನು ನೋಡಿ ಆಸೆಪಟ್ಟಿರುತ್ತಾರೆ. ಬಂದವರಲ್ಲಿ ಅರ್ಧದಷ್ಟು ಜನ ಅದರ ಬಾಗಿಲಿಗೇ ನುಗ್ಗಿದರು. ಮೊದಲ ಪ್ಲಾಟ್‌ಫಾರಂನಲ್ಲಿ ನಿಂತ ಬಸ್ಸಿಗೆ ಎಲ್ಲರೂ ಮುತ್ತುವಾಗ ಹಿಂದೆ ಅದೇ ಊರಿಗೆ ಹೋಗುವ ಬಸ್ಸು ಖಾಲಿ ನಿಂತಿರುತ್ತದೆ ಎಂದು ನೀವು ನಗುತ್ತಿದ್ದಿರಲ್ಲ, ಅದು ನೆನಪಾಯಿತು. ನಾವು ಯಾವುದಕ್ಕೂ ತಲೆ ತಿರುಗಿಸದೆ ಕಾಲು ಗಂಟೆ ನಡೆದು ಹಿಂದಿನ ತುದಿಯ ಐಸ್‌ಲ್ಯಾಂಡ್ ಕೇರಿಗೆ ಹೋದೆವು. ಅಲ್ಲಿನ ಬ್ಲೂ ಫೈರ್ ಎಂಬ ಕೋಸ್ಟರ್ ಮುಂದೆ ಐದು ನಿಮಿಷದ ಸಾಲು. ಅದು ನಿಂತಲ್ಲಿಂದ ಎರಡೂವರೆ ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗಕ್ಕೆ ಹೋಗುತ್ತದೆ.

ಇಲ್ಲಿ ಪುಟ್ಟಿಯ ವಿಷಯ ಹೇಳಲೇಬೇಕು. ಬ್ಲೂ ಫೈರ್ ಹತ್ತಲು 1.30 ಮೀಟರ್ ಎತ್ತರವಿರಬೇಕು. ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ನಾವು ಅವಳ ಎತ್ತರಕ್ಕೆ ಪೆನ್ಸಿಲ್ ಗೆರೆ ಹಾಕುತ್ತೇವೆ. ಏಪ್ರಿಲ್‌ನ ಗೆರೆ 1.29ರಲ್ಲಿತ್ತು. ಒಂದು ತಿಂಗಳು ದಿನಾ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು, ಹಾಲು ಬೇಡ ಎನ್ನುವುದನ್ನು ಬಿಟ್ಟಿದ್ದಳು. ಹೊರಡುವ ದಿನ ಜುಟ್ಟನ್ನು ನೆತ್ತಿಯ ಮೇಲೆ ಕಟ್ಟು ಎಂದು ಹಟ ಹಿಡಿದಳು. ಅಲ್ಲಿದ್ದ ಹುಡುಗಿ ಅಳತೆಗೋಲನ್ನು ತಂದು, ಜುಟ್ಟನ್ನು ಮೆಲ್ಲಗೆ ಒತ್ತಿ, ಬಗ್ಗಿ ನೋಡಿದಳು. ಪುಟ್ಟಿ ಉಸಿರು ಬಿಗಿಹಿಡಿದು, ಕತ್ತನ್ನು ಕೊಕ್ಕರೆಯ ಹಾಗೆ ಎಳೆದು ನಿಂತಿದ್ದಳು. ಹುಡುಗಿ "ಪಾಸ್ಟ್" ಎಂದಳು. ಜರ್ಮನ್‌ನಲ್ಲಿ ಹಾಗೆಂದರೆ ಸರಿಹೊಂದುತ್ತದೆ ಎಂದು ಅರ್ಥ. ಪುಟ್ಟಿಗೆ ಅದು ಪಾಸ್ ಎಂದೇ ಕೇಳಿಸಿತು, ಪರೀಕ್ಷೆ ಪಾಸಾದವರ ಹಾಗೆ ನನ್ನ ಕೈ ಕುಲುಕಿದಳು! ಚಿನ್ನುವಿಗೆ ಐದೇ ವರ್ಷವಾದ್ದರಿಂದ ಅವನನ್ನು ಹಿಡಿದುಕೊಂಡು ನಮ್ಮಲ್ಲೊಬ್ಬರು ಹೊರಗೆ ನಿಲ್ಲಬೇಕು. ಇಂಥ ತಂದೆತಾಯಿಯರಿಗೆ ಎರಡನೆಯ ಸಲ ಸಾಲಿನಲ್ಲಿ ನಿಲ್ಲದೆ ಅದಲುಬದಲಾಗುವ ವ್ಯವಸ್ಥೆಯಿದೆ, ಕೇಳಿದರೆ ಹೇಳುತ್ತಾರೆ. ಪಕ್ಕದಲ್ಲೇ ವೋಡಾನ್ ಎಂಬ ಮರದ ಕೋಸ್ಟರ್. 40 ಮೀಟರ್ ಎತ್ತರ, ಓಡುವಾಗ ಇಡೀ ಕಟ್ಟಡ ಹಳೆಯ ಎತ್ತಿನ ಗಾಡಿಯಂತೆ ಗಡಗಡ ಎನ್ನುತ್ತದೆ. ಹತ್ತೂಕಾಲಕ್ಕೆ ಎರಡೂ ಮುಗಿದಿದ್ದವು. ಆಗ ಮುಂಬಾಗಿಲ ಕಡೆಯ ಜನಸಾಗರ ಐಸ್‌ಲ್ಯಾಂಡಿಗೆ ಬರತೊಡಗಿತು, ನಾವು ಅವರಿಗೆ ಎದುರಾಗಿ ಹಿಂದಿರುಗಿದೆವು.

ಯಾವ ರೈಡಿಗೆ ಎಷ್ಟು ನಿಮಿಷ ಕಾಯಬೇಕು ಎಂದು ಮೊಬೈಲ್ ಆಪ್ ತೋರಿಸುತ್ತದೆ. ಒಳ್ಳೆಯದೇ, ಆದರೆ ಅದೇ ಜನರನ್ನು ಕೆಡಿಸಿದೆ. ಗ್ರೀಸಿನಲ್ಲಿ ಹತ್ತು ನಿಮಿಷ ಎಂದು ಓಡುತ್ತಾರೆ, ಅಲ್ಲಿಗೆ ತಲುಪುವ ಹೊತ್ತಿಗೆ ಅದು ಇಪ್ಪತ್ತೈದಾಗಿರುತ್ತದೆ, ಮತ್ತೆ ಇನ್ನೆಲ್ಲಿಗೋ ಓಟ. ಬೇಲೂರು ನೋಡಿ ಹಾಸನಕ್ಕೆ ಬಂದು, ಮತ್ತೆ ಹಳೇಬೀಡಿಗೆ ಹೊರಟ ಹಾಗೆ. ಖಾಲಿ ಓಡಿಸಿದ ಕಿಲೋಮೀಟರಿಗೂ ಡೀಸೆಲ್ ಉರಿಯುತ್ತದೆ ಎಂದು ಡ್ರೈವರುಗಳಿಗೆ ನೀವು ಗದರುತ್ತಿದ್ದದ್ದು ನೆನಪಿದೆ. ಇಲ್ಲಿ ಉರಿಯುವುದು ಚಿನ್ನುವಿನ ಕಾಲು. ಹಾಗಾಗಿ ಒಂದು ಕೇರಿಗೆ ಹೋದರೆ ಅಲ್ಲಿನದನ್ನೆಲ್ಲ ಮುಗಿಸಿಯೇ ಕದಲುವುದು ಎಂದು ಗಟ್ಟಿ ಮಾಡಿಕೊಂಡೆವು.

ಇನ್ನು ನಿಮಗೆ ಇಷ್ಟವಾಗುವ ಲೆಕ್ಕ. ಸಿಲ್ವರ್ ಸ್ಟಾರ್‌ನ ಒಂದು ಗಾಡಿಗೆ 36 ಜನ. ಗಡಿಯಾರ ಹಿಡಿದು ನೋಡಿದೆ, ಸುಮಾರು ಒಂದೂವರೆ ನಿಮಿಷಕ್ಕೊಂದು ಗಾಡಿ ಹೊರಡುತ್ತಿತ್ತು. ಅಂದರೆ ನಿಮಿಷಕ್ಕೆ 24 ಜನ. ಐನೂರು ಜನರ ಸಾಲು ಕಂಡರೆ ಎದೆ ಒಡೆಯುತ್ತದೆ, ಆದರೆ ಅದು ಇಪ್ಪತ್ತೊಂದು ನಿಮಿಷದ ಕೆಲಸ. ಇಷ್ಟೆಲ್ಲ ತಿಳಿದೂ ಸ್ವಿಟ್ಜರ್ಲೆಂಡ್ ಕೇರಿಯಲ್ಲಿ ನಾನೇ ಎಡವಿದೆ. ಅಲ್ಲಿ ಮ್ಯಾಟರ್‌ಹಾರ್ನ್ ಬ್ಲಿಟ್ಸ್ ಎಂಬ ಮುದ್ದಾದ ರೈಡ್ ಇದೆ. ಪೆಟ್ಟಿಗೆಯಂಥ ಪುಟ್ಟ ಗಾಡಿಯನ್ನು ಲಿಫ್ಟಿನಲ್ಲಿ ಮೇಲಕ್ಕೆ ಎತ್ತಿ, ಮೂಲೆಮೂಲೆಗೆ ಗಕ್ಕನೆ ತಿರುಗಿಸಿ ಇಳಿಸುತ್ತದೆ. ಸಾಲು ಚಿಕ್ಕದಾಗಿ ಕಂಡಿತು, ಆಪ್ ತೆಗೆಯುವ ಗೋಜಿಗೂ ಹೋಗದೆ ನಿಂತುಬಿಟ್ಟೆವು. ಹತ್ತು ನಿಮಿಷವಾದ ಮೇಲೆ ತಲೆಗೆ ಹೋಯಿತು, ಆ ಗಾಡಿಗೆ ನಾಲ್ವರೇ. ಮೂವರ ಸಂಸಾರ ಬಂದರೆ ನಾಲ್ಕನೆಯ ಸೀಟೂ ಖಾಲಿ. ಬಸ್ ನಿಲ್ದಾಣದಲ್ಲಿ ಕಾಯುವವರು ನಲವತ್ತು ಜನ, ಬರುವುದು ಆಟೊ! ನಲವತ್ತೈದು ನಿಮಿಷ ಹೋಯಿತು. ಜನ ಎಷ್ಟಿದ್ದಾರೆ ಎಂದು ನೋಡಬೇಡ, ಎಷ್ಟು ದೊಡ್ಡ ಗಾಡಿ ಎಷ್ಟು ಹೊತ್ತಿಗೊಂದು ಬರುತ್ತದೆ ನೋಡು ಎಂದು ನೀವು ಹೇಳುತ್ತಿದ್ದುದನ್ನು ನಿಮ್ಮ ಅಳಿಯನಿಗೆ ಬೆಳಿಗ್ಗೆಯಷ್ಟೇ ದೊಡ್ಡದಾಗಿ ಪಾಠ ಮಾಡಿದ್ದೆ. ಅವರು ಏನೂ ಅನ್ನಲಿಲ್ಲ, ಸುಮ್ಮನೆ ಗಡಿಯಾರ ನೋಡಿಕೊಂಡರು. ಅದೇ ಸಾಕಾಗಿತ್ತು.

ಊಟವನ್ನು ಹನ್ನೊಂದಕ್ಕೇ ಮುಗಿಸಿದ್ದೆವು, ಅಮ್ಮ ಕಳಿಸಿದ ಗೊಜ್ಜಿನ ಪುಳಿಯೋಗರೆ. ಬೆಂಚಿನ ಮೇಲೆ ಡಬ್ಬಿ ತೆರೆದಾಗ ಪಕ್ಕದ ಮೇಜಿನವರು ಮೂಗು ಅರಳಿಸಿ ಎರಡು ಸಲ ತಿರುಗಿ ನೋಡಿದರು. ಜನರೆಲ್ಲ ಊಟಕ್ಕೆ ಕೂರುವ ಹನ್ನೆರಡೂವರೆಯಿಂದ ಎರಡರವರೆಗೆ ರೈಡ್‌ಗಳ ಸಾಲು ಸ್ವಲ್ಪ ಕರಗುತ್ತದೆ, ಆ ಹೊತ್ತನ್ನು ಹಾಗೆ ಉಳಿಸಿಕೊಂಡೆವು. ಮೂರಕ್ಕೆ ಮಕ್ಕಳಿಗೆ ಮತ್ತೆ ಹಸಿವು. ಫುಡ್‌ಲೂಪ್ ಎಂಬ ಹೋಟೆಲಿದೆ, ಅಲ್ಲಿ ತಟ್ಟೆ ತರಲು ಮಾಣಿಯಿಲ್ಲ. ತಿಂಡಿ ಮುಚ್ಚಳ ಹಾಕಿದ ಪಾತ್ರೆಯಲ್ಲಿ ಕುಳಿತು, ಚಾವಣಿಯ ಹತ್ತಿರದಿಂದ ಹಳಿಯ ಮೇಲೆ ಜಾರಿ, ಒಂದು ಸುತ್ತು ತಲೆಕೆಳಗಾಗಿ, ನಮ್ಮ ಮೇಜಿನ ಮುಂದೆ ಬಂದು ನಿಲ್ಲುತ್ತದೆ. ಚಿನ್ನುವಿಗೆ ಇಡೀ ದಿನದಲ್ಲಿ ಹಿಡಿಸಿದ್ದು ಇದೊಂದೇ. ಇನ್ನೂರು ಎಕರೆ ಮೀರಿದ ಉದ್ಯಾನದಲ್ಲಿ ಅವನು ಆಲೂಗಡ್ಡೆ ಹೇಗೆ ಬಂತು ಎಂಬುದನ್ನು ನೋಡಿಕೊಂಡು ಕುಳಿತ.

ನಿಮ್ಮ ಅಳಿಯನ ಪಾಲಿನ ಸಿಲ್ವರ್ ಸ್ಟಾರ್ ಬಾಕಿಯಿತ್ತು. ಅದಕ್ಕೆ 1.40 ಮೀಟರ್ ಬೇಕು, ಪುಟ್ಟಿಗೆ ಇನ್ನೆರಡು ವರ್ಷ ಹಾಲು ಕುಡಿಯಬೇಕು. ಅಲ್ಲಿ ಒಂಟಿಯಾಗಿ ಬಂದವರಿಗೆ ಬೇರೆಯೇ ಸಾಲಿದೆ. ನಾಲ್ವರು ಕೂರುವ ಸಾಲಿನಲ್ಲಿ ಮೂವರೇ ಇದ್ದರೆ ಉಳಿದ ಸೀಟಿಗೆ ಇವರನ್ನು ಕರೆದು ಕೂರಿಸುತ್ತಾರೆ. ಹಿಂದಿನ ಸೀಟಿನಲ್ಲಿ ಒಬ್ಬರಿಗೆ ಜಾಗ ಇದೆ ಎಂದು ನಿಮ್ಮ ಕಂಡಕ್ಟರುಗಳು ಕೂಗುತ್ತಿದ್ದ ಹಾಗೆಯೇ. ಎಂಟು ನಿಮಿಷದಲ್ಲಿ ಹತ್ತಿ, ಇಳಿದು ಬಂದಾಗ ಕೂದಲು ನೆಟ್ಟಗೆ ನಿಂತಿತ್ತು. ಕಳೆದ ವರ್ಷ ಏಪ್ರಿಲ್‌ನಲ್ಲಿ ಶುರುವಾದ ವೋಲ್ಟ್ರಾನ್ ಎಂಬ ಹೊಸ ಕೋಸ್ಟರ್ ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಹೆಸರಿನ ಸುತ್ತ ಕಟ್ಟಿದ್ದು, ಏಳು ಸಲ ತಲೆಕೆಳಗಾಗುತ್ತದೆ. ಹೊಸ ಸೊಸೆಯ ಮುಖ ನೋಡುವವರಂತೆ ದಿನವಿಡೀ ಜನ ಮುತ್ತಿದ್ದರು. ಉದ್ಯಾನ ಮುಚ್ಚುವ ಹೊತ್ತಿಗೆ ಸರಿಯಾಗಿ ನಿಮ್ಮ ಅಳಿಯ ಅದನ್ನು ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದರು.

ನನ್ನ ಇನ್ನೊಂದು ತಪ್ಪನ್ನೂ ಒಪ್ಪಿಸಿಬಿಡುತ್ತೇನೆ, ಇಲ್ಲದಿದ್ದರೆ ಪುಟ್ಟಿ ಫೋನಿನಲ್ಲಿ ಹೇಳುತ್ತಾಳೆ. ನೀರಿಗೆ ಧುಮುಕುವ ಪೊಸೈಡನ್ ಮುಂದೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಐದೂವರೆಗೆ ಹೋದರೆ ಸಾಲೇ ಇಲ್ಲ. ಬುದ್ಧಿವಂತಿಕೆ ಎಂದು ಬೀಗಿದೆ. ಸಾಲು ಏಕಿಲ್ಲ ಎಂದು ರೈಲಿನಲ್ಲಿ ತಿಳಿಯಿತು. ಒದ್ದೆ ಬಟ್ಟೆಯಲ್ಲಿ ಎಲ್ಲರೂ ಗಡಗಡ ನಡುಗುತ್ತಾ ಬಂದೆವು, ನನ್ನ ದುಪಟ್ಟಾದಲ್ಲಿ ಮಕ್ಕಳಿಬ್ಬರನ್ನೂ ಸುತ್ತಿದ್ದೆ. ಯಾರಿಗೂ ನೆಗಡಿಯಾಗಿಲ್ಲ ಎಂದು ಅಮ್ಮನಿಗೆ ಹೇಳಿ.

ಈಗ ಮುಖ್ಯ ವಿಷಯ. ಇಲ್ಲಿನ ಶಾಲೆಗಳ ಬೇಸಿಗೆ ರಜೆ ಸೆಪ್ಟೆಂಬರ್ 13ಕ್ಕೆ ಮುಗಿಯುತ್ತದೆ. ನೀವಿಬ್ಬರೂ ಬಂದಮೇಲೆ, ಅದರ ಮುಂದಿನ ವಾರ ಒಂದು ಮಂಗಳವಾರವೋ ಬುಧವಾರವೋ ಹೋಗೋಣ. ಚಿನ್ನು ನಮ್ಮ ಜೊತೆ ಬರುತ್ತಾನೆ, ಪುಟ್ಟಿಗೆ ಶಾಲೆ ತಪ್ಪಿಸಲು ಬಿಡುವುದಿಲ್ಲ, ಅವಳ ಅಳು ನಿಮ್ಮ ಪಾಲಿಗಿರಲಿ. ಅಮ್ಮನ ಮಂಡಿಗೆ ತಕ್ಕ ಹಾಗೆ ಉದ್ಯಾನ ಸುತ್ತುವ ಪುಟ್ಟ ರೈಲಿದೆ, ಕುಳಿತೇ ನೋಡುವ ಪ್ರದರ್ಶನಗಳಿವೆ. 1442ರಲ್ಲಿ ಕಟ್ಟಿದ ನಿಜವಾದ ಹಳೆಯ ಮನೆತನದ ಕೋಟೆಮನೆಯೊಂದು ಒಳಗೇ ಇದೆ, ಅದರ ತೋಟದ ನೆರಳಿನಲ್ಲಿ ಒಂದು ಗಂಟೆ ಕೂರಬಹುದು. ಲಕೋಟೆಯಲ್ಲಿ ಉದ್ಯಾನದ ನಕ್ಷೆ ಇಟ್ಟಿದ್ದೇನೆ. ನಾನು ಹಾಕಿದ ಕೆಂಪು ಗೆರೆ ನಮ್ಮ ಮೊನ್ನೆಯ ದಾರಿ. ಎಲ್ಲಿ ಸುಮ್ಮನೆ ಸುತ್ತಿದ್ದೇವೆ ಎಂದು ನೀವು ನೋಡಿದ ಕೂಡಲೇ ಹೇಳುತ್ತೀರಿ, ನನಗೆ ಗೊತ್ತು. ಒಂದು ಷೆಡ್ಯೂಲ್ ಹಾಕಿಕೊಡಿ. ಪೆನ್ಸಿಲಿನಲ್ಲೇ ಬರೆಯಿರಿ. ಹಾಸನಾಂಬೆಯ ಬಾಗಿಲು ತೆರೆಯುವುದರೊಳಗೆ ಊರಿಗೆ ಮರಳಬೇಕೆಂಬ ಅಮ್ಮನ ಷರತ್ತು ನೆನಪಿದೆ, ಟಿಕೆಟ್ಟನ್ನು ಹಾಗೆಯೇ ನೋಡುತ್ತಿದ್ದೇನೆ.

ಅಮ್ಮನಿಗೆ ಚಪ್ಪಲಿ ಬೇಡ, ಹಾಸನದಲ್ಲೇ ಒಂದು ಜೊತೆ ಶೂ ಕೊಡಿಸಿ ಎರಡು ತಿಂಗಳು ಹಾಕಿಕೊಂಡು ಅಭ್ಯಾಸವಾಗಲಿ. ಪುಳಿಯೋಗರೆ ಗೊಜ್ಜು ತಳ ಕಂಡಿದೆ. ಚಿನ್ನುವಿನದೂ ಒಂದು ಬೇಡಿಕೆಯಿದೆ: ತಾತನ ಸೀಟಿ ತರಬೇಕಂತೆ. ಆ ಪುಟ್ಟ ರೈಲು ಹೊರಡುವಾಗ ಯಾರೂ ಸೀಟಿ ಊದಲಿಲ್ಲ ಎಂದು ಅವನು ಗುರುವಾರದಿಂದ ದೂರುತ್ತಿದ್ದಾನೆ.

ಇಂತಿ ನಿಮ್ಮ ಮಗಳು,
ಸುಮ